ಎಡ ಅಂಚಿನಿಂದ ಒಂದು ಮೀಟರ್: ಬೆಂಗಳೂರಿನ ರಸ್ತೆಯಲ್ಲಿ ಸೈಕಲ್ಲು, ಕಾರು

ಹೊಸದಾಗಿ ಸೈಕಲ್ ಹಿಡಿದವರಿಗೆ ಎಲ್ಲರೂ ಹೇಳುವ ಮಾತು, ‘ಪೂರ್ತಿ ಎಡಕ್ಕೇ ಹೋಗು.’ ಬೆಂಗಳೂರಿನಲ್ಲಿ ನಾನು ಇದನ್ನು ಪಾಲಿಸುವುದಿಲ್ಲ. ಮೋರಿಯ ಜಾಲರಿ, ಗುಡಿಸದೆ ಬಿಟ್ಟ ಮರಳು, ಗಾಜಿನ ಚೂರು, ರಾಂಗ್ ಸೈಡಲ್ಲಿ ಬರುವ ಸ್ಕೂಟರು, ಎಲ್ಲವೂ ಇರುವುದು ಆ ಅಂಚಿನಲ್ಲೇ. ಅಂಚಿಗೆ ಅಂಟಿಕೊಂಡಷ್ಟೂ ಹಿಂದಿನ ಕಾರಿನವರಿಗೆ ‘ಇಷ್ಟರಲ್ಲೇ ನುಸುಳಬಹುದು’ ಅನ್ನಿಸುತ್ತದೆ. ಅಂಚಿನಿಂದ ಒಂದು ಮೀಟರ್ ಬಲಕ್ಕಿದ್ದರೆ ಅವರು ಸ್ಟೇರಿಂಗ್ ತಿರುಗಿಸಿಯೇ ದಾಟಬೇಕು. ಗುಂಡಿ ಬಂದರೆ ನನಗೂ ಎಡಕ್ಕೆ ಸರಿಯಲು ಜಾಗ ಉಳಿದಿರುತ್ತದೆ.

ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್ ಕಡೆಗೆ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥ ಮಾಡಿದ್ದರು. ಆಮೇಲೆ ಮೆಟ್ರೊ ಕಾಮಗಾರಿ ಬಂತು. ಪಥ ನಂಬಿಕೊಂಡು ಕೂರುವ ಹಾಗಿಲ್ಲ. ಕಾರು, ಬಸ್ಸುಗಳ ನಡುವೆಯೇ ಜಾಗ ಮಾಡಿಕೊಳ್ಳಬೇಕು.

ನಿಂತ ಕಾರುಗಳ ಸಾಲು ಸಿಕ್ಕರೆ ಅವುಗಳಿಂದಲೂ ಮೀಟರಿಗಿಂತ ಹೆಚ್ಚೇ ದೂರ ಇಡುತ್ತೇನೆ. ಡ್ರೈವರ್ ಬಾಗಿಲು ತೆರೆಯುವುದು ಬಲಕ್ಕೆ, ಅಂದರೆ ನನ್ನ ದಾರಿಗೇ. ಎರಡು ಕಾರುಗಳ ನಡುವೆ ಖಾಲಿ ಕಂಡಿತೆಂದು ಎಡಕ್ಕೆ ನುಗ್ಗಿ ಮತ್ತೆ ಬಲಕ್ಕೆ ಬರುವುದಿಲ್ಲ. ಹಾಗೆ ಮಾಯವಾಗಿ ದಿಢೀರನೆ ಕಾಣಿಸಿಕೊಂಡರೆ ಹಿಂದಿನವರಿಗೆ ಬ್ರೇಕ್ ಹಾಕಲು ಸಮಯ ಸಿಗದು. ಗಂಟೆಗೆ 40 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 11 ಮೀಟರ್ ಬರುತ್ತದೆ.

ಆಟೊಗಳ ವಿಷಯದಲ್ಲಿ ಇಂಡಿಕೇಟರ್ ನೋಡಿ ಫಲವಿಲ್ಲ, ಫುಟ್‌ಪಾತ್ ನೋಡಬೇಕು. ಅಲ್ಲಿ ಯಾರಾದರೂ ಕೈ ಎತ್ತಿದರೆ ನನ್ನ ಮುಂದಿನ ಖಾಲಿ ಆಟೊ ಎಡಕ್ಕೆ ಬಂದೇ ಬರುತ್ತದೆ. ಮೊದಲು ತಿರುಗುವುದು ಮುಂದಿನ ಚಕ್ರ, ಕಣ್ಣು ಅದರ ಮೇಲಿರಲಿ.

ಬಸ್ಸು ನಿಲ್ದಾಣದ ಕಡೆ ವಾಲುತ್ತಿದ್ದರೆ ಅದರ ಎಡಕ್ಕೆ ಹೋಗುವ ಮಾತೇ ಇಲ್ಲ. ಅಲ್ಲಿ ಇಳಿಯುವ ಜನ, ಕಲ್ಲಿನ ಅಂಚು, ನಡುವೆ ಸೈಕಲ್. ಹಿಂದೆ ನಿಂತು ಕಾಯುತ್ತೇನೆ, ಹೋಗುವುದು ಅರ್ಧ ನಿಮಿಷ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಸಿಗ್ನಲ್ಲಿನಲ್ಲಿ ಟಿಪ್ಪರಿನ ಎಡ ಮಗ್ಗುಲಿಗೆ. ಅದು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡು ಹಿಡಿಯುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಭಾಗ ದಾಟಿತಲ್ಲ ಎಂದು ನಿಂತವರು ಸಿಕ್ಕಿಬೀಳುವುದು ಅಲ್ಲಿಯೇ. ಟಿಪ್ಪರಿನ ಕನ್ನಡಿಯಲ್ಲಿ ಚಾಲಕರ ಮುಖ ನನಗೆ ಕಾಣದಿದ್ದರೆ ಅವರಿಗೂ ನಾನು ಕಾಣುವುದಿಲ್ಲ. ಆದ್ದರಿಂದ ಒಂದೋ ಅದರ ಹಿಂದೆ, ಇಲ್ಲವೇ ಚಾಲಕರ ಕಣ್ಣಿಗೆ ಬೀಳುವಷ್ಟು, ಮೂರ್ನಾಲ್ಕು ಮೀಟರ್, ಮುಂದೆ. ಪಕ್ಕದಲ್ಲಂತೂ ಬೇಡ.

ದೊಡ್ಡ ಜಂಕ್ಷನ್ನಿನಲ್ಲಿ ಬಲಕ್ಕೆ ಹೋಗಬೇಕಾದರೆ ನಾಲ್ಕು ಲೇನ್ ಸೀಳಿಕೊಂಡು ಹೋಗುವ ಬದಲು ನೇರ ಹೋಗುವವರ ಜೊತೆ ಆಚೆ ದಾಟಿ, ಅಲ್ಲಿ ಮೂಲೆಯಲ್ಲಿ ಸೈಕಲ್ ತಿರುಗಿಸಿ ನಿಂತು, ಆ ಕಡೆಯ ಹಸಿರು ದೀಪಕ್ಕೆ ಹೊರಡುತ್ತೇನೆ. ಸಣ್ಣ ರಸ್ತೆಯಲ್ಲಾದರೆ ಮೊದಲು ತಿರುಗಿ ನೋಡಿ, ಆಮೇಲೆ ಕೈ ಚಾಚಿ, ಜಾಗ ಬಿಟ್ಟದ್ದು ಖಾತ್ರಿಯಾದ ಮೇಲೆ ಸರಿಯುತ್ತೇನೆ. ಕೈ ಚಾಚಿದ ಮಾತ್ರಕ್ಕೆ ದಾರಿ ಸಿಕ್ಕಿತೆಂದಲ್ಲ.

ಕಾರಿನ ಸ್ಟೇರಿಂಗ್ ಹಿಡಿದಾಗ ಇದೇ ಲೆಕ್ಕ ತಿರುಗುಮುರುಗು. ಸೈಕಲ್ ದಾಟುವಾಗ ಒಂದೂವರೆ ಮೀಟರ್ ಬಿಡುತ್ತೇನೆ. ಅಷ್ಟು ಇಲ್ಲದಿದ್ದರೆ ಹಿಂದೆಯೇ ಇರುತ್ತೇನೆ, ಏಕೆಂದರೆ ಮುಂದಿನ ಗುಂಡಿಗೆ ಅವರು ಬಲಕ್ಕೆ ಹೊರಳಬಹುದು. ತೀರಾ ಹತ್ತಿರ ಹೋಗಿ ಹಾರ್ನ್ ಹೊಡೆದರೆ ಬೆಚ್ಚಿ ಹ್ಯಾಂಡಲ್ ಅಲುಗುತ್ತದೆ. ಎಡಕ್ಕೆ ತಿರುಗಲು 30 ಮೀಟರ್ ಇರುವಾಗ ಸೈಕಲ್ಲನ್ನು ಹಿಂದಿಕ್ಕಿ ಅಡ್ಡ ಬರುವುದಕ್ಕಿಂತ ಅದರ ಹಿಂದೆ ನಿಧಾನ ಮಾಡಿ ತಿರುಗುವುದು ವಾಸಿ. ಇಳಿಯುವಾಗ ಬಾಗಿಲನ್ನು ಎಡಗೈಯಲ್ಲಿ ತೆರೆಯಬೇಕು: ಮೈ ತಾನಾಗಿ ತಿರುಗಿ ಹಿಂದಿನ ರಸ್ತೆ ಕಾಣುತ್ತದೆ. ಕ್ಯಾಬಿನಲ್ಲಿ ಎಡಕ್ಕೆ ಕೂತವರಿಗೆ ಬಲಗೈ.

ಸಂಜೆಗೆ ಹಿಂದೆ ಕೆಂಪು, ಮುಂದೆ ಬಿಳಿ ದೀಪ. ಮುಂದಿನದನ್ನು ರಸ್ತೆಗೆ ಬಾಗಿಸಿ ಕಟ್ಟುತ್ತೇನೆ, ಎದುರಿನವರ ಕಣ್ಣಿಗೆ ಹೊಡೆಯಬಾರದು. ಕಣಕಾಲಿಗೆ ಹೊಳೆಯುವ ಪಟ್ಟಿ ಸುತ್ತಿದರೆ ತುಳಿದಂತೆಲ್ಲ ಮೇಲೆ ಕೆಳಗೆ ಆಡುತ್ತದೆ, ಅದು ಸೈಕಲ್ಲೇ ಎಂದು ದೂರದಿಂದಲೇ ತಿಳಿಯುತ್ತದೆ. ಮಳೆಯಲ್ಲಿ ರಿಮ್ ಬ್ರೇಕು (ಚಕ್ರದ ಲೋಹದ ಬಳೆಯನ್ನು ಒತ್ತಿ ಹಿಡಿಯುವ ಬ್ರೇಕು) ಮೊದಲ ಹಿಡಿತದಲ್ಲಿ ನೀರು ಒರೆಸುತ್ತದೆ ಅಷ್ಟೆ, ನಿಲ್ಲಿಸುವುದು ಆಮೇಲೆ. ಹಾಗಾಗಿ ಮುಂಚೆಯೇ ಮೆಲ್ಲಗೆ ಹಿಡಿದಿರಬೇಕು. ಒದ್ದೆಯಾದ ಬಿಳಿ ಪಟ್ಟೆ ಮತ್ತು ಮ್ಯಾನ್‌ಹೋಲ್ ಮುಚ್ಚಳದ ಮೇಲೆ ತಿರುಗುವುದು, ಬ್ರೇಕ್ ಒತ್ತುವುದು ಎರಡೂ ಬೇಡ, ನೆಟ್ಟಗೆ ಉರುಳಿಸಿಕೊಂಡು ಹೋಗಿ. ತಳ ಕಾಣದ ನೀರಿಗೆ ಇಳಿಯುವ ಬದಲು ಸೈಕಲ್ ಇಳಿದು ತಳ್ಳಿ.