ಮುಂಬಯಿಯ ಆಟ-ಕೂಟಗಳನ್ನು ಕ್ಯಾಮ್‌ಕಾರ್ಡರಿನಲ್ಲಿ ಹಿಡಿದ ಬಗೆ

ತುಳುನಾಡಿನಲ್ಲಿ ಆಟದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನ, ಮಾಟುಂಗದ ಮೈಸೂರು ಅಸೋಸಿಯೇಷನ್ ಮುಂತಾದ ಕಡೆಗಳಲ್ಲಿ ಇಲ್ಲಿನ ಕನ್ನಡಿಗರು, ತುಳುವರು ಸೇರುತ್ತಾರೆ. ಆಟವೆಂದರೆ ವೇಷ ಕಟ್ಟಿದ ಬಯಲಾಟ, ಕೂಟವೆಂದರೆ ವೇಷವಿಲ್ಲದ ತಾಳಮದ್ದಳೆ. ಇವೆರಡನ್ನೂ ನಾನು ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಕ್ಯಾಮರಾ ಹೊತ್ತುಕೊಂಡು ಹೋಗಿ ವರ್ಷಗಟ್ಟಲೆ ಚಿತ್ರೀಕರಿಸಿದ್ದೇನೆ. ನನ್ನದು ಮಿನಿ ಡಿವಿ ಎಂಬ ಸಣ್ಣ ಡಿಜಿಟಲ್ ವಿಡಿಯೊ ಕ್ಯಾಸೆಟ್ಟಿನ ಸಾಮಾನ್ಯ ಕ್ಯಾಮ್‌ಕಾರ್ಡರ್, ಮದುವೆ ಮನೆಯವರೂ ಪ್ರವಾಸಿಗರೂ ಕೊಳ್ಳುತ್ತಿದ್ದ ದರ್ಜೆಯದು. ಅಂತಹ ಯಂತ್ರದಿಂದಲೂ ರಂಗಸ್ಥಳಕ್ಕೆ ನ್ಯಾಯ ಸಲ್ಲಿಸಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದು ತಾನಾಗಿಯೇ ಮಾಡುವ ಕೆಲಸಗಳನ್ನು ಒಂದೊಂದಾಗಿ ಅದರಿಂದ ಕಿತ್ತುಕೊಂಡು ನಮ್ಮ ಕೈಗೆ ತೆಗೆದುಕೊಳ್ಳಬೇಕು.

ಫೋರ್ಟಿನ ಬೋರಾ ಬಜಾರಿನಲ್ಲಿ ಕ್ಯಾಮರಾ ಕೊಳ್ಳುವಾಗ ಅಂಗಡಿಯವರು ಮೊದಲು ತೋರಿಸುತ್ತಿದ್ದುದು ಮೈಮೇಲೆ ದೊಡ್ಡದಾಗಿ ಬರೆದ ಡಿಜಿಟಲ್ ಜೂಮ್‌ನ ಅಂಕಿಯನ್ನು. 500, 700, 800 ಪಟ್ಟು! ಆ ಅಂಕಿಗೆ ಬೆಲೆಯಿಲ್ಲ. ಡಿಜಿಟಲ್ ಜೂಮ್ ಎಂದರೆ ಇರುವ ಚಿತ್ರವನ್ನೇ ಹಿಗ್ಗಿಸುವುದು, ಅದರಿಂದ ಹೊಸ ವಿವರ ಏನೂ ಬರುವುದಿಲ್ಲ. ಮಸೂರದ ನಿಜವಾದ ಜೂಮ್ 10 ಪಟ್ಟು ಇದ್ದರೆ ಸಭಾಗೃಹದ ನಡುವಿನಿಂದ ವೇಷಧಾರಿಯ ಮುಖ ಹಿಡಿಯಲು ಸಾಕು. ನಾನು ಹುಡುಕಿದ್ದು ಬೇರೆಯೇ ಮೂರು ಸಂಗತಿಗಳನ್ನು. ಹೊರಗಿನ ಮೈಕ್ ಚುಚ್ಚಲು ರಂಧ್ರವಿರಬೇಕು. ಫೋಕಸ್ಸನ್ನೂ ಬೆಳಕನ್ನೂ ಕೈಯಿಂದ ಹೊಂದಿಸಲು ಬರಬೇಕು. ಕ್ಯಾಸೆಟ್ ಮೇಲ್ಗಡೆಯಿಂದ ಹಾಕುವಂತಿರಬೇಕು. ಅಗ್ಗದ ಅನೇಕ ಮಾದರಿಗಳಲ್ಲಿ ಕ್ಯಾಸೆಟ್ಟಿನ ಬಾಗಿಲು ಕೆಳಗಡೆ ಇರುತ್ತದೆ. ಅಂತಹದರಲ್ಲಿ ಪ್ರತಿ ಸಲ ಕ್ಯಾಸೆಟ್ ಬದಲಿಸುವಾಗಲೂ ಕ್ಯಾಮರಾವನ್ನು ಸ್ಟ್ಯಾಂಡಿನಿಂದ ಬಿಚ್ಚಬೇಕು. ಮನೆಯ ಹುಟ್ಟುಹಬ್ಬಕ್ಕೆ ಇದು ತೊಂದರೆಯಲ್ಲ, ನಾಲ್ಕು ಗಂಟೆಯ ಕೂಟಕ್ಕೆ ದೊಡ್ಡ ತೊಂದರೆ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಕ್ಯಾಮರಾ ಹಿಡಿದು ಬರುವ ಹಿರಿಯರನ್ನು ಸಭೆಗಳಲ್ಲಿ ಕಂಡಿದ್ದೇನೆ. ಅಲ್ಲಿನದು ಆಗ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯಾಗಿತ್ತು, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದು ಪಾಲ್, ಸೆಕೆಂಡಿಗೆ 25. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಇಲ್ಲಿನ ಟ್ಯೂಬ್‌ಲೈಟಿನ ಕೆಳಗೆ ಅವರ ಚಿತ್ರ ಮಿಣುಕುತ್ತದೆ. ಶಟರ್ ವೇಗವನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಆ ಮಿಣುಕು ಬಹುಮಟ್ಟಿಗೆ ಹೋಗುತ್ತದೆ. ಹಾಗೆ ಮಾಡಿಕೊಟ್ಟಾಗ ಅವರ ಮುಖದಲ್ಲಿ ಕಂಡ ಸಂತೋಷ ನನಗೂ ಸಂತೋಷವೇ.

ಇನ್ನು ಧ್ವನಿ. ಇದರ ಬಗ್ಗೆ ಹೆಚ್ಚು ಹೇಳಬೇಕು. ಕೂಟವೊಂದು ಶುರುವಾಗುವ ಮುಂಚೆ ಪಾತ್ರದ ಮಾತನ್ನಾಡುವ ಹಿರಿಯ ಅರ್ಥಧಾರಿಯೊಬ್ಬರು ನನ್ನ ಸ್ಟ್ಯಾಂಡಿನ ಹತ್ತಿರ ಬಂದು ಕೇಳಿದರು: "ಮುಖ ಬಂದರೆ ಸಾಲದು ಮಾರಾಯರೇ, ಮಾತು ಬರುತ್ತದೆಯೇ?" ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ತಾಳಮದ್ದಳೆಯಲ್ಲಿ ಮಾತೇ ವೇಷ, ಮಾತೇ ಕುಣಿತ. ಅರ್ಥಗಾರಿಕೆಯ ಒಂದು ವಾಕ್ಯದ ಬಾಲ ನುಂಗಿ ಹೋದರೂ ಎದುರಾಳಿಯ ಉತ್ತರದ ಸ್ವಾರಸ್ಯ ಕೆಡುತ್ತದೆ.

ಕ್ಯಾಮ್‌ಕಾರ್ಡರಿನ ಒಳಗಿನ ಮೈಕ್ ಮಾತನ್ನು ಕೆಡಿಸುವುದು ಹೀಗೆ. ಧ್ವನಿಯ ಮಟ್ಟವನ್ನು ಯಂತ್ರ ತಾನಾಗಿಯೇ ಏರಿಸಿ ಇಳಿಸುತ್ತಿರುತ್ತದೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಮಟ್ಟ ತಗ್ಗುತ್ತದೆ, ಪದ್ಯ ಹಾಡುವ ಭಾಗವತರ ದನಿ ಹಿಂದಕ್ಕೆ ಸರಿದಂತೆ ಕೇಳುತ್ತದೆ. ಚೆಂಡೆ ನಿಂತ ಮೇಲೆ ಮಟ್ಟ ತಕ್ಷಣ ಮೇಲೇರುವುದಿಲ್ಲ, ನಿಧಾನವಾಗಿ ಏರುತ್ತದೆ. ಪದ್ಯ ಮುಗಿದು ಅರ್ಥಧಾರಿ ಬಾಯಿ ತೆರೆಯುವುದು ಸರಿಯಾಗಿ ಆ ಹೊತ್ತಿಗೇ. ಪೀಠಿಕೆಯ ಮೊದಲ ಮಾತುಗಳು ಹೀಗೆ ಮಸುಕಾಗುತ್ತವೆ. ಅದರ ಜೊತೆಗೆ ಟೇಪು ತಿರುಗಿಸುವ ಮೋಟಾರಿನ ಸಣ್ಣ ಗುಯ್‌ಗುಡುವಿಕೆಯೂ ಒಳಗಿನ ಮೈಕಿಗೆ ಸೇರುತ್ತದೆ.

ನಾನು ಕಂಡುಕೊಂಡ ದಾರಿ ಎರಡು ಕಿವಿಗೆ ಎರಡು ಕೆಲಸ ಕೊಡುವುದು. ಡಿವಿ ಟೇಪಿನಲ್ಲಿ ಎಡ-ಬಲ ಎರಡು ಧ್ವನಿ ಮಾರ್ಗಗಳಿವೆ. ಎಡಕ್ಕೆ ಸಭಾಗೃಹದ ಮೈಕುಗಳನ್ನೆಲ್ಲ ಸೇರಿಸುವ ಮಿಕ್ಸರಿನಿಂದ ಬರುವ ಮಾತು. ಬಲಕ್ಕೆ ಸಭೆಯ ನಡುವೆ ಇಟ್ಟ ಸಣ್ಣ ಮೈಕ್. ಸಣ್ಣ ಕೂಟಗಳಲ್ಲಿ ಚೆಂಡೆಗೆ ಮೈಕ್ ಇಡುವುದೇ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಹಾಗಾಗಿ ಮಿಕ್ಸರಿನ ಧ್ವನಿಯೊಂದನ್ನೇ ನಂಬಿದರೆ ಹಿಮ್ಮೇಳ ಅರ್ಧ ಮಾತ್ರ ಬರುತ್ತದೆ. ಬಲಗಡೆಯ ಮೈಕ್ ಚೆಂಡೆಯನ್ನೂ ಸಭೆಯ ನಗುವನ್ನೂ ಚಪ್ಪಾಳೆಯನ್ನೂ ತರುತ್ತದೆ. ಮನೆಗೆ ಬಂದ ಮೇಲೆ ಎರಡನ್ನೂ ಹದವಾಗಿ ಬೆರೆಸುತ್ತೇನೆ. ಮಿಕ್ಸರಿನಿಂದ ಬರುವ ಸಂಕೇತ ಮೈಕಿನದಕ್ಕಿಂತ ಬಹಳ ಬಲವಾದದ್ದು. ಅದನ್ನು ನೇರವಾಗಿ ಮೈಕ್ ರಂಧ್ರಕ್ಕೆ ಕೊಟ್ಟರೆ ಮಾತು ಒಡೆದು ಕರ್ಕಶವಾಗುತ್ತದೆ. ಸುಮಾರು 40 ಡೆಸಿಬೆಲ್ ತಗ್ಗಿಸುವ ಕೇಬಲ್ ನಡುವೆ ಇರಲೇಬೇಕು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎರಡು ರೆಸಿಸ್ಟರ್ ಹಾಕಿ ಬೆಸುಗೆ ಮಾಡಿ ಕೊಡುವವರಿದ್ದಾರೆ. ಮೆನುವಿನಲ್ಲಿ ಧ್ವನಿ 16 ಬಿಟ್ ಇದೆಯೇ ಎಂದೂ ನೋಡಬೇಕು. ಹಲವು ಮಾದರಿಗಳು ಕಾರ್ಖಾನೆಯಿಂದ ಬರುವಾಗಲೇ ಗುಣಮಟ್ಟ ಕಡಿಮೆಯ 12 ಬಿಟ್‌ನಲ್ಲಿರುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಂಗಸ್ಥಳದಿಂದ 27 ಮೀಟರ್ ಹಿಂದೆ ಆ ಬಲಗಡೆಯ ಮೈಕ್ ಇಟ್ಟರೆ ಅಲ್ಲಿಗೆ ಧ್ವನಿ ತಲುಪುವಾಗ ಚಿತ್ರ ಎರಡು ಫ್ರೇಮು ಮುಂದೆ ಹೋಗಿರುತ್ತದೆ. ಸಂಭಾಷಣೆಯಲ್ಲಿ ಇದು ಗೊತ್ತಾಗದು. ಆದರೆ ಮಿಕ್ಸರಿನ ಮಾತೂ ಹಿಂದಿನ ಮೈಕಿನ ಮಾತೂ ಬೆರೆತಾಗ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಬಲಗಡೆಯ ಧ್ವನಿಯನ್ನು ಅಷ್ಟೇ ಮುಂದಕ್ಕೆ ಸರಿಸಿದರೆ ಸರಿಹೋಗುತ್ತದೆ. ಎಷ್ಟು ಸರಿಸಬೇಕೆಂದು ತಿಳಿಯಲು ಚೆಂಡೆಯ ಮೊದಲ ಪೆಟ್ಟನ್ನು ನೋಡುತ್ತೇನೆ. ಕೋಲು ಚರ್ಮಕ್ಕೆ ತಾಗುವ ಫ್ರೇಮು ಚಿತ್ರದಲ್ಲಿ ಸ್ಪಷ್ಟವಾಗಿರುತ್ತದೆ, ಕಂಪ್ಯೂಟರಿನಲ್ಲಿ ಕಾಣುವ ಶಬ್ದದ ಗೆರೆಯಲ್ಲೂ ಅದು ಚೂಪಾಗಿ ಏಳುತ್ತದೆ. ಯಕ್ಷಗಾನದವರಿಗೆ ಸಿನಿಮಾದವರ ಕ್ಲಾಪ್ ಹಲಗೆ ಬೇಕಾಗಿಲ್ಲ.

ಬೆಳಕಿನಲ್ಲೂ ಯಂತ್ರದ ಲೆಕ್ಕಾಚಾರ ಆಟಕ್ಕೆ ಒಗ್ಗದು. ಹಿಂದೆ ಕಪ್ಪು ಪರದೆ, ಮುಂದೆ ಪ್ರಖರವಾದ ದೀಪ, ನಡುವೆ ಕನ್ನಡಿ ಚೂರು ಹೊಳೆಯುವ ಕಿರೀಟ, ಬಣ್ಣ ಬಳಿದ ಮುಖ. ಕ್ಯಾಮರಾ ಕಪ್ಪನ್ನು ಕಂಡು ಕತ್ತಲೆಯಿದೆಯೆಂದು ತಿಳಿದು ಮಸೂರದ ಕಿಂಡಿಯನ್ನು ಹಿಗ್ಗಲಿಸುತ್ತದೆ. ಮುಖವರ್ಣಿಕೆಯ ಗೆರೆಗಳೆಲ್ಲ ಕರಗಿ ಬಿಳಿ ಮುದ್ದೆಯಾಗುತ್ತವೆ. ಆಮೇಲೆ ಯಾವ ತಂತ್ರಾಂಶದಿಂದಲೂ ಅದನ್ನು ಹಿಂದಕ್ಕೆ ತರಲಾಗದು. ಆದ್ದರಿಂದ ವೇಷ ರಂಗಸ್ಥಳಕ್ಕೆ ಬಂದೊಡನೆ ಮುಖಕ್ಕೆ ಜೂಮ್ ಮಾಡಿ, ಕೆನ್ನೆಯ ಬಣ್ಣ ಉಳಿಯುವಷ್ಟು ಬೆಳಕು ತಗ್ಗಿಸಿ, ಅಲ್ಲಿಗೇ ಬೀಗ ಹಾಕುತ್ತೇನೆ. ಅದೇ ಉಸಿರಿನಲ್ಲಿ ಕಿರೀಟದ ಅಂಚಿಗೆ ಫೋಕಸ್ ಹೊಂದಿಸಿ ಅದನ್ನೂ ಕೈಹಿಡಿತಕ್ಕೆ ತರುತ್ತೇನೆ. ಇಲ್ಲದಿದ್ದರೆ ತೆರೆ ಹಿಡಿದಾಗ ಕ್ಯಾಮರಾ ತೆರೆಯ ಬಟ್ಟೆಯನ್ನು, ತೆರೆ ಸರಿದಾಗ ಹಿಂದಿನ ಪರದೆಯನ್ನು ಹುಡುಕುತ್ತಾ ಕುಳಿತಿರುತ್ತದೆ, ಅಷ್ಟರಲ್ಲಿ ಪ್ರವೇಶದ ಕುಣಿತ ಮುಗಿದಿರುತ್ತದೆ. ಚಿತ್ರದ ಅಲುಗಾಟ ತಡೆಯುವ ಸೌಲಭ್ಯವನ್ನು ಸ್ಟ್ಯಾಂಡಿನ ಮೇಲೆ ಆಫ್ ಮಾಡಿಡುವುದು ಒಳ್ಳೆಯದು, ಇಲ್ಲದಿದ್ದರೆ ಕ್ಯಾಮರಾ ತಿರುಗಿಸಿ ನಿಲ್ಲಿಸಿದ ಮೇಲೂ ಚಿತ್ರ ಸ್ವಲ್ಪ ಜಾರುತ್ತದೆ.

ಚೌಕಟ್ಟಿನ ವಿಷಯದಲ್ಲಿ ನನ್ನದು ಹಠ. ಕುಣಿತವಿರುವಾಗ ಕಾಲು ಕಾಣಲೇಬೇಕು. ಗಿರಗಿರನೆ ಸುತ್ತುವ ಧೀಂಗಿಣದ ಹೊತ್ತಿನಲ್ಲಿ ಮುಖಕ್ಕೆ ಜೂಮ್ ಮಾಡುವವರನ್ನು ನಾನು ಒಪ್ಪುವುದಿಲ್ಲ, ತಾಳಕ್ಕೆ ಹೆಜ್ಜೆ ಹೇಗೆ ಬಿತ್ತೆಂದು ಕಲಿಯಲು ಬರುವ ಹುಡುಗರಿಗೆ ಆ ಚಿತ್ರದಿಂದ ಉಪಯೋಗವಿಲ್ಲ. ಕೂಟದಲ್ಲಿ ಮಾತನಾಡುವವರ ಜೊತೆಗೆ ಕೇಳುವವರೂ ಚೌಕಟ್ಟಿನಲ್ಲಿರಬೇಕು. ಎದುರಾಳಿ ಕಣ್ಣು ಕಿರಿದು ಮಾಡಿ ಉತ್ತರ ಹೊಸೆಯುವುದನ್ನು ನೋಡುವುದೇ ಒಂದು ಸೊಗಸು.

ಮಿನಿ ಡಿವಿ ಕ್ಯಾಸೆಟ್ಟಿಗೆ ಎಸ್‌ಪಿ ಎಂಬ ಮಾಮೂಲು ವೇಗದಲ್ಲಿ 60 ನಿಮಿಷ, ಎಲ್‌ಪಿ ಎಂಬ ನಿಧಾನ ವೇಗದಲ್ಲಿ 90. ಎಲ್‌ಪಿಯಲ್ಲಿ ಟೇಪು ನಿಧಾನವಾಗಿ ಸಾಗುವುದರಿಂದ ಅದರ ಮೇಲಿನ ಗೆರೆಗಳು ಇನ್ನಷ್ಟು ಕಿರಿದಾಗುತ್ತವೆ. ಚಿತ್ರದ ಗುಣಮಟ್ಟ ಒಂದೇ, ಆದರೆ ಬೇರೊಂದು ಕ್ಯಾಮರಾದಲ್ಲಿ ಓಡಿಸಿದರೆ ಚೌಕ ಚೌಕವಾಗಿ ಒಡೆಯುವ ಸಾಧ್ಯತೆ ಹೆಚ್ಚು. ಅರ್ಧ ಗಂಟೆ ಉಳಿಸಲು ಆ ಅಪಾಯ ಬೇಡ. ಕ್ಯಾಸೆಟ್ ಬದಲಿಸಲು ಭಾಗವತರು ಪದ್ಯ ಎತ್ತಿಕೊಳ್ಳುವ ಹೊತ್ತನ್ನು ಕಾಯುತ್ತೇನೆ. ಪದ್ಯದ ಸಾಲು ಮರಳಿ ಮರಳಿ ಬರುತ್ತದೆ, ಅರ್ಥ ಮಾತ್ರ ಒಮ್ಮೆ ಆಡಿದ್ದು ಇನ್ನೊಮ್ಮೆ ಬಾರದು. ಹೊಸ ಕ್ಯಾಸೆಟ್ಟಿನಲ್ಲಿ ಮೊದಲ ಹತ್ತು ಸೆಕೆಂಡು ಸುಮ್ಮನೆ ಓಡಲು ಬಿಡಬೇಕಾದ್ದರಿಂದ ಈ ಲೆಕ್ಕ ಇನ್ನೂ ಮುಖ್ಯ.

ಮುಂಬಯಿಯ ಮಳೆಗಾಲ ಟೇಪಿಗೆ ಶತ್ರು. ಹವಾನಿಯಂತ್ರಿತ ಸಭಾಗೃಹದಲ್ಲಿ ತಣ್ಣಗಾದ ಕ್ಯಾಮರಾವನ್ನು ಹೊರಗಿನ ಒದ್ದೆ ಗಾಳಿಗೆ ತಂದರೆ ಒಳಗೆ ತಿರುಗುತ್ತಾ ಟೇಪನ್ನು ಓದುವ ಹೆಡ್‌ಗಳ ಉರುಳೆಯ ಮೇಲೆ ನೀರಿನ ಪಸೆ ಕೂರುತ್ತದೆ. ಟೇಪು ಅದಕ್ಕೆ ಅಂಟಿಕೊಂಡರೆ ಸುಕ್ಕಾಗಿ ಹಾಳಾಗುತ್ತದೆ. ಕ್ಯಾಮರಾ ಹನಿಯ ಗುರುತು ತೋರಿಸಿ ಓಡಲು ನಿರಾಕರಿಸಿದರೆ ಅದರ ಮಾತು ಕೇಳಬೇಕು, ಕ್ಯಾಸೆಟ್ ಹೊರತೆಗೆದು ಬಾಗಿಲು ತೆರೆದಿಟ್ಟು ಒಂದು ಗಂಟೆಯಾದರೂ ಬಿಡಬೇಕು. ನಾನು ಸಭಾಗೃಹದೊಳಗೇ ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಹೊರಡುತ್ತೇನೆ, ಪಸೆ ಚೀಲದ ಹೊರಗೇ ಕೂರುತ್ತದೆ. ಮನೆ ತಲುಪಿದ ಮೇಲೂ ಕೂಡಲೇ ಬಿಚ್ಚುವುದಿಲ್ಲ. ಕ್ಯಾಸೆಟ್ಟುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರಿದು, ಡಬ್ಬಿ ಅಟ್ಟದ ಮೇಲಿರಬೇಕು.

ಈಗ ಉಳಿದಿರುವ ದೊಡ್ಡ ಕೆಲಸ ಟೇಪಿನಿಂದ ಕಂಪ್ಯೂಟರಿಗೆ ಇಳಿಸುವುದು. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ. ನೂರು ಕ್ಯಾಸೆಟ್ಟಿಗೆ 1.3 ಟಿಬಿ. ಹಳದಿ-ಬಿಳಿ-ಕೆಂಪು ತಂತಿಯಿಂದಲೂ ಇಳಿಸಬಹುದು, ಆದರೆ ಆಗ ಡಿಜಿಟಲ್ ಚಿತ್ರ ಒಮ್ಮೆ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ, ಬಣ್ಣದ ವೇಷದ ಕೆಂಪು ಹರಡುತ್ತದೆ. ಕ್ಯಾಮರಾವನ್ನು ಕಂಪ್ಯೂಟರಿಗೆ ಡಿಜಿಟಲ್ ಆಗಿಯೇ ಜೋಡಿಸುವ ಫೈರ್‌ವೈರ್ ತಂತಿಯಲ್ಲಿ ಟೇಪಿನ ದತ್ತಾಂಶ ಇದ್ದದ್ದು ಇದ್ದಂತೆ ಇಳಿಯುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ರಂಧ್ರವಿಲ್ಲ. ಹಳೆಯ ಡೆಸ್ಕ್‌ಟಾಪಿಗೆ ಫೈರ್‌ವೈರ್ ಕಾರ್ಡ್ ಹಾಕಿಸುವುದು ಸುಲಭದ ಉಪಾಯ. ತಂತಿ ಚುಚ್ಚುವಾಗ ಎರಡೂ ಯಂತ್ರ ಆರಿರಲಿ. ಆರು ಪಿನ್ನಿನ ತುದಿ ತಲೆಕೆಳಗಾಗಿ ಹೊಕ್ಕರೆ ಕ್ಯಾಮರಾದ ಫೈರ್‌ವೈರ್ ರಂಧ್ರವೇ ಸುಟ್ಟುಹೋಗಬಹುದು. ಹಾರ್ಡ್ ಡಿಸ್ಕ್ ಫ್ಯಾಟ್32 ಪದ್ಧತಿಯದಾಗಿದ್ದರೆ ಒಂದು ಕಡತ 4 ಜಿಬಿ ದಾಟದು, ಇಪ್ಪತ್ತು ನಿಮಿಷ ತುಂಬುವ ಮೊದಲೇ ತುಂಡಾಗುತ್ತದೆ.

ಚಿತ್ರದಲ್ಲಿ ಅಡ್ಡಪಟ್ಟಿಯಾಗಿ ಚೌಕಗಳು ಕಂಡರೆ ಟೇಪು ಹಾಳಾಯಿತೆಂದು ಎಸೆಯಬೇಡಿ. ಪಾಲ್ ಡಿವಿಯಲ್ಲಿ ಒಂದೊಂದು ಫ್ರೇಮೂ ಟೇಪಿನ ಮೇಲೆ 12 ಗೆರೆಗಳಾಗಿ ಹಂಚಿರುತ್ತದೆ. ಎರಡು ಹೆಡ್‌ಗಳಲ್ಲಿ ಒಂದಕ್ಕೆ ಕೊಳೆ ಕಟ್ಟಿದರೂ ಅದು ಓದಬೇಕಾದ ಗೆರೆಗಳೆಲ್ಲ ಕಾಣೆಯಾಗುತ್ತವೆ. ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಓಡಿಸಿ ನೋಡಿ. ಅದು ಹೆಡ್ಡನ್ನು ಉಜ್ಜುವ ವಸ್ತುವಾದ್ದರಿಂದ ಪದೇ ಪದೇ ಬಳಸಬಾರದು.

ಇಳಿಸಿದ ಮೂಲ ಡಿವಿ ಕಡತವನ್ನು ನಾನು ಮುಟ್ಟುವುದಿಲ್ಲ. ಒಂದು ಪ್ರತಿ ಡೊಂಬಿವಲಿಯಲ್ಲಿ, ಇನ್ನೊಂದು ಊರಿನ ಅಣ್ಣನ ಮನೆಯಲ್ಲಿ. ಮೊಬೈಲಿನಲ್ಲಿ ನೋಡುವವರಿಗಾಗಿ ಬೇರೆ ಪ್ರತಿ ಮಾಡುತ್ತೇನೆ. ಡಿವಿಯ ಪ್ರತಿ ಫ್ರೇಮು ಎರಡು ಅರೆಚಿತ್ರಗಳ ಹೆಣಿಗೆ. ಅವುಗಳನ್ನು ಬೆರೆಸಿ ಸೆಕೆಂಡಿಗೆ 25 ಮಾಡಿದರೆ ಧೀಂಗಿಣ ತೊದಲುತ್ತದೆ. ಬಿಡಿಸಿ 50 ಮಾಡಿದರೆ ರಂಗಸ್ಥಳದಲ್ಲಿ ಕಂಡಂತೆ ಸರಾಗವಾಗಿ ಸುತ್ತುತ್ತದೆ. ಅಗಲ 768, ಎತ್ತರ 576 ಇಟ್ಟರೆ ವೇಷ ತೆಳ್ಳಗೂ ಆಗುವುದಿಲ್ಲ, ದಪ್ಪಗೂ ಆಗುವುದಿಲ್ಲ. ಈ ಪ್ರತಿಯನ್ನು ಕಲಾವಿದರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕುವುದಿಲ್ಲ. ಕಡತದ ಹೆಸರಿನಲ್ಲಿ ಪ್ರಸಂಗ, ಸ್ಥಳ, ದಿನಾಂಕ ಬರೆಯುತ್ತೇನೆ, ಜೊತೆಗಿನ ಪಟ್ಟಿಯಲ್ಲಿ ಭಾಗವತರಿಂದ ಹಿಡಿದು ಚಕ್ರತಾಳದವರವರೆಗೆ ಎಲ್ಲರ ಹೆಸರು. ತೀರಿಹೋದ ಅರ್ಥಧಾರಿಗಳ ಮನೆಯವರು ಕೇಳಿದರೆ ಪೆನ್ ಡ್ರೈವಿನಲ್ಲಿ ಹಾಕಿ ನಾನೇ ತಲುಪಿಸುತ್ತೇನೆ. ಅಂತಹ ಹೆಸರುಗಳಿರುವ ಕ್ಯಾಸೆಟ್ಟುಗಳನ್ನು ಸಾಲಿನಲ್ಲಿ ಮುಂದಕ್ಕೆ ತಂದು ಮೊದಲು ಇಳಿಸುತ್ತಿದ್ದೇನೆ.