ಕೆರೆ ಹಕ್ಕಿ ಎಣಿಸಲು ಬರುವ ಹೊಸಬರಿಗೆ

ಜನವರಿ ಬಂತೆಂದರೆ ಹೊಸಬರೆಲ್ಲ ಕೇಳುವುದು ಒಂದೇ: "ಸಾರ್, ಹಕ್ಕಿಗಳ ಹೆಸರು ಅಷ್ಟೇನೂ ಗೊತ್ತಿಲ್ಲ, ಬರಬಹುದಾ?" ಬನ್ನಿ. ಹೆಸರು ಹೇಳುವವರು ಇದ್ದೇ ಇರುತ್ತಾರೆ, ನೆಟ್ಟಗೆ ಬರೆದುಕೊಳ್ಳುವವರೇ ಸಿಗುವುದಿಲ್ಲ.

ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ನಡೆಯುತ್ತಿದೆ, ಜನವರಿಯಲ್ಲೇ. ಉತ್ತರದಿಂದ ಬರುವ ಬಾತುಗಳು ಅಷ್ಟೊತ್ತಿಗೆ ಬಂದು ನೆಲೆ ನಿಂತಿರುತ್ತವೆ, ವಾಪಸ್ ಹೊರಡುವ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಹಾಗಂತ ವಲಸೆ ಬಂದವುಗಳನ್ನು ಮಾತ್ರ ಎಣಿಸಬೇಡಿ. ವರ್ಷವಿಡೀ ಇಲ್ಲೇ ಇರುವ ನೀರುಕಾಗೆ, ಗುಳುಮುಳುಕ, ಕೊಕ್ಕರೆ ಎಲ್ಲವೂ ಲೆಕ್ಕಕ್ಕೆ ಬೇಕು.

ಹಿಂದಿನ ದಿನ ಒಮ್ಮೆ ಕೆರೆಗೆ ಹೋಗಿ ಬನ್ನಿ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವ ಜಾಗ ಹುಡುಕಿ. ಬಿಸಿಲಿಗೆ ಮುಖ ಮಾಡಿ ನಿಂತರೆ ಎಲ್ಲ ಬಾತೂ ಕರಿ ಬಾತೇ. ಏರಿ, ತೂಬು, ಕೋಡಿ, ಹಿನ್ನೀರಿನ ತುದಿ ಹೀಗೆ ನಾಲ್ಕೈದು ಜಾಗ ಗೊತ್ತು ಮಾಡಿಕೊಂಡು ಪ್ರತಿ ವರ್ಷ ಅಲ್ಲಿಂದಲೇ ಎಣಿಸಿ, ಇಲ್ಲವಾದರೆ ಹೋದ ವರ್ಷದ ಲೆಕ್ಕಕ್ಕೂ ಈ ವರ್ಷದ್ದಕ್ಕೂ ತಾಳೆಯಾಗುವುದಿಲ್ಲ. ಮೀನು ಹಿಡಿಯುವವರ ಹತ್ತಿರವೂ ಮಾತಾಡಿ. "ಅಣ್ಣಾ, ನಾಳೆ ತೆಪ್ಪ ಎಷ್ಟೊತ್ತಿಗೆ ಇಳಿಸ್ತೀರಾ?" ಅಂತ ಕೇಳಿದ್ದಕ್ಕೆ ನಮ್ಮ ಕೆರೆಯಲ್ಲೊಬ್ಬರು "ಏಳೂವರೆಗೆ ಬಲೆ ಎತ್ತಬೇಕು ಕಣಪ್ಪ" ಅಂದರು. ನಾವು ಆರೂಮುಕ್ಕಾಲಿಗೇ ಶುರು ಮಾಡಿದೆವು. ತೆಪ್ಪ ನೀರಿಗಿಳಿದ ಮೇಲೆ ಬಾತುಗಳು ಒಂದು ಕಡೆ ನಿಲ್ಲುವುದಿಲ್ಲ.

ದುರ್ಬೀನು 8 ಪಟ್ಟಿನದು ಸಾಕು. ಜಾಸ್ತಿ ಪಟ್ಟಿನದು ಕೈ ನಡುಗಿದರೆ ನೋಟವೂ ನಡುಗುತ್ತದೆ.

ಈಗ ಎಣಿಕೆ. ಇಪ್ಪತ್ತು ಮೂವತ್ತಿದ್ದರೆ ಒಂದೊಂದೇ ಎಣಿಸಿ. ಆದರೆ ನೀರಿನ ನಡುವೆ ನಾಮದ ಕೋಳಿಗಳು ಎಳ್ಳು ಚೆಲ್ಲಿದ ಹಾಗೆ ಹರಡಿಕೊಂಡಿದ್ದರೆ ಏನು ಮಾಡುತ್ತೀರಿ? ಮೊದಲು ಒಂದು ಅಂಚಿನಲ್ಲಿ ಹತ್ತು ಹಕ್ಕಿ ಎಣಿಸಿ, ಅವು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿದಿವೆ ನೋಡಿಕೊಳ್ಳಿ. ಅದೇ ನಿಮ್ಮ ಸೇರು. ಆ ಅಳತೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಅಂತ ಎಡದಿಂದ ಬಲಕ್ಕೆ ಸಾಗಿ. ಗುಂಪು ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳ್ಳಗಿದ್ದರೆ ಅಳತೆ ಬದಲಿಸಿಕೊಳ್ಳಿ. ನಾನು ಎಡ ಜೇಬಿನಲ್ಲಿ ಒಂದು ಹಿಡಿ ಅವರೆಕಾಳು ಇಟ್ಟುಕೊಳ್ಳುತ್ತೇನೆ, ನೂರಾದಾಗಲೆಲ್ಲ ಒಂದು ಕಾಳು ಬಲ ಜೇಬಿಗೆ. ಕಣ್ಣು ತೆಗೆಯುವ ಹಾಗಿಲ್ಲ ಅಲ್ವಾ, ಅದಕ್ಕೆ. ಎರಡು ಸಲ ಎಣಿಸಿ, ತುಂಬಾ ವ್ಯತ್ಯಾಸ ಬಂದರೆ ಮೂರನೇ ಸಲ.

ಗುಳುಮುಳುಕ ಮಾತ್ರ ಸತಾಯಿಸುತ್ತದೆ. ಮುಳುಗಿದ್ದು ಎಲ್ಲೋ, ಏಳುವುದು ಇನ್ನೆಲ್ಲೋ. ಸ್ವಲ್ಪ ಹೊತ್ತು ಅದೇ ಜಾಗ ನೋಡುತ್ತಾ ನಿಂತು, ಒಟ್ಟಿಗೆ ಅತಿ ಹೆಚ್ಚು ಎಷ್ಟು ಕಂಡವೋ ಅಷ್ಟನ್ನೇ ಬರೆಯಿರಿ. ಇನ್ನು ಜೌಗು ಸೆಳೆವ ಅನ್ನುವ ಬೇಟೆಹಕ್ಕಿ ತಗ್ಗಿನಲ್ಲಿ ಹಾರಿ ಬಂತೋ, ಇಡೀ ಕೆರೆ ಎದ್ದುಬಿಡುತ್ತದೆ. ಬೈಕೊಳ್ಳಬೇಡಿ, ಅದೂ ಪಟ್ಟಿಯಲ್ಲಿ ಒಂದು. ಹತ್ತು ನಿಮಿಷ ಬಿಟ್ಟು ಆ ಭಾಗವನ್ನು ಮೊದಲಿನಿಂದ ಎಣಿಸಿ.

ನಾವು ಮೊದಲ ವರ್ಷ ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಎರಡು ತಂಡ, ಎರಡು ದಡ. ನಮ್ಮ ಕಡೆ ಸುಮಾರು ಇನ್ನೂರು ಸೂಜಿಬಾಲದ ಬಾತು, ಆ ಕಡೆಯವರಿಗೂ ಸುಮಾರು ಇನ್ನೂರು. ಖುಷಿಯಿಂದ ನಾನೂರು ಅಂತ ಬರೆದೆವು. ಆಮೇಲೆ ಟೈಮ್ ನೋಡಿದರೆ, ನಮ್ಮ ಕಡೆಯಿಂದ ಎದ್ದ ಗುಂಪೇ ಐದು ನಿಮಿಷದಲ್ಲಿ ಅವರ ಮುಂದೆ ಇಳಿದಿತ್ತು! ಅಂದಿನಿಂದ ಯಾವ ಗುಂಪು ಎಷ್ಟು ಹೊತ್ತಿಗೆ ಎದ್ದು ಯಾವ ಕಡೆ ಹೋಯಿತು ಅಂತ ಫೋನಿನಲ್ಲಿ ಹೇಳಿಕೊಳ್ಳುತ್ತೇವೆ.

ಪಟ್ಟೆತಲೆ ಹೆಬ್ಬಾತು ಬರುವ ಕೆರೆಯಾದರೆ ಹೊತ್ತಿನ ಲೆಕ್ಕವೇ ಬೇರೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೇ ಹೆಸರುವಾಸಿ. ಇವು ಕತ್ತಲಲ್ಲಿ ಹೊಲಗಳಿಗೆ ಮೇಯಲು ಹೋಗಿ, ಬೆಳಗಾದ ಮೇಲೆ ಕೆರೆಗೆ ವಾಪಸಾಗುತ್ತವೆ. ನಸುಕಿನಲ್ಲೇ ಎಣಿಸಿ ಮನೆಗೆ ಹೋದರೆ ಅರ್ಧ ಲೆಕ್ಕ ತಪ್ಪಿಹೋಗಬಹುದು. ಕೊರಳುಗಳನ್ನೂ ಗಮನಿಸಿ. ಮಂಗೋಲಿಯಾದಲ್ಲಿ ಗುರುತಿಗೆಂದು ಕೊರಳಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲೇ ಸಿಕ್ಕಿವೆ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಳ್ಳಿ. ಫೋಟೊ ಬೇಕು ಅಂತ ನುಗ್ಗಿ ಹಾರಿಸಿದರೆ ಎಣಿಕೆಯೂ ಹೋಯಿತು, ಅಕ್ಷರವೂ ಹೋಯಿತು.

ಗುರುತು ಸಿಗದ ಬಾತನ್ನು "ಗೊತ್ತಾಗದ ಬಾತು, 40" ಅಂತಲೇ ಬರೆಯಿರಿ, ನಾಚಿಕೆ ಬೇಡ. ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಅದಕ್ಕೂ ಜಾಗ ಇದೆ. ಅಲ್ಲಿ ಸಂಖ್ಯೆಯ ಬದಲು ಎಕ್ಸ್ ಒತ್ತಿದರೆ 'ಇತ್ತು' ಅಂತಷ್ಟೇ ಗೊತ್ತಾಗುತ್ತದೆ, ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ. ಅಂದಾಜಾದರೂ ಪರವಾಗಿಲ್ಲ, ಸಂಖ್ಯೆ ಹಾಕಿ. ಮತ್ತೆ ಪಟ್ಟಿಯನ್ನು ಏರಿಯ ಮೇಲೇ ಕೂತು ಮುಗಿಸಿ. ತಿಂಡಿಗೆ ಹೋಗಿ ನಾಲ್ಕು ಜನ ಮಾತಿಗೆ ಕೂತರೆ, ಎರಡನೇ ಕಾಫಿ ಬರುವಷ್ಟರಲ್ಲಿ ನಾನೂರು ಐನೂರಾಗಿರುತ್ತದೆ.