27 ಕಿಲೋಗೆ ಮರಿ ಕೊಡುವ ಲೆಕ್ಕ

"ಮಲೆನಾಡಿನ ಮಳೆಯಲ್ಲಿ ಕುರಿಯೇ? ಅದೂ ಮೈ ತುಂಬುವ ಮೊದಲೇ ಕೊಡುತ್ತೀಯಲ್ಲ!" ಎಂದವರೇ ಹೆಚ್ಚು. ಈಗ ಮಾಂಸದಂಗಡಿಯವರು ಮುಂಗಡ ಕೊಟ್ಟು ಹೋಗುತ್ತಿದ್ದಾರೆ.

ನಮ್ಮದು ಹೊಸನಗರ ತಾಲ್ಲೂಕು. ಮೊದಲ ವರ್ಷ ಮಳೆಗಾಲದಲ್ಲೇ ಚಳ್ಳಕೆರೆ ಕಡೆಯ ಟಗರು ಮರಿಗಳನ್ನು ತಂದು ಗದ್ದೆಯ ಬದುವಿನಲ್ಲಿ ಮೇಯಿಸಿದೆ. ಗೊರಸು ಕೊಳೆತು, ಜಂತು ಹತ್ತಿ ಇಪ್ಪತ್ತರಲ್ಲಿ ಆರು ಸತ್ತವು. ಹೆದರಿ ಉಳಿದವನ್ನು 18 ಕಿಲೋ ಆಗುವಷ್ಟರಲ್ಲಿ ಮಾರಿದೆ. ಚರ್ಮ, ತಲೆ, ಕಾಲು, ಹೊಟ್ಟೆ ತೆಗೆದರೆ ನಿಂತದ್ದು 8 ಕಿಲೋಗೂ ಕಡಿಮೆ. ತೊಡೆ ಸಣಕಲು, ತುಂಬಾ ಎಲುಬು.

ಮರುವರ್ಷ ನೆಲದಿಂದ ಮೇಲೆತ್ತಿದ ಅಟ್ಟದ ಕೊಟ್ಟಿಗೆ ಕಟ್ಟಿ, ಬಕ್ರೀದ್ ಆಸೆಗೆ 36 ಕಿಲೋವರೆಗೆ ಬೆಳೆಸಿದೆ. ಹಬ್ಬಕ್ಕೆ ನಾಲ್ಕು ಹೋದವು, ಉಳಿದವು ಅಂಗಡಿಗೆ. ಕೊಯ್ಯುವಾಗ ಪಕ್ಕದಲ್ಲೇ ನಿಂತಿದ್ದೆ. ಮೂತ್ರಪಿಂಡ ಬಿಳಿ ಕೊಬ್ಬಿನ ಮುದ್ದೆಯೊಳಗೆ ಹುದುಗಿಹೋಗಿತ್ತು. ಮಾಂಸ 18 ಕಿಲೋ ತೂಗಿತು ನಿಜ, ಆದರೆ ಅಂಗಡಿಯವರು ಒಂದೂವರೆ ಕಿಲೋ ಕೊಬ್ಬು ಕೆತ್ತಿ ಪಕ್ಕಕ್ಕಿಟ್ಟರು, ಅದಕ್ಕೆ ಬಿಡಿಗಾಸು ಕೊಡಲಿಲ್ಲ.

27 ಕಿಲೋದ ಮರಿಗೆ ಸುಮಾರು 13 ಕಿಲೋ ಮಾಂಸ ಬರುತ್ತದೆ. ಅಲ್ಲಿಂದ 36ಕ್ಕೆ ಏರಿಸಲು ಮೂರು ತಿಂಗಳಿಗೂ ಹೆಚ್ಚು ಹಿಡಿಯಿತು. ಹಿಂಡಿ, ಜೋಳದ ನುಚ್ಚು, ಹೊಟ್ಟು ಸೇರಿ ಮರಿಯೊಂದಕ್ಕೆ 2,500 ರೂಪಾಯಿ ಖರ್ಚು. ಕೊಬ್ಬು ಕಳೆದು ಹೆಚ್ಚುವರಿ ಸಿಕ್ಕ ಮಾಂಸ ಮೂರೂವರೆ ಕಿಲೋ, ಕಿಲೋಗೆ 600ರಂತೆ ಕೈಸೇರಿದ್ದು 2,100. ನನ್ನ ದುಡಿಮೆ ಲೆಕ್ಕಕ್ಕೇ ಇಲ್ಲ. ಎಳೆಯ ಮರಿ ತಿಂದದ್ದನ್ನು ಮಾಂಸ ಮಾಡಿಕೊಳ್ಳುತ್ತದೆ, ಬಲಿತದ್ದು ಕೊಬ್ಬು ಕಟ್ಟುತ್ತದೆ.

ಈಗ ಮಳೆ ನಿಂತ ಮೇಲೆ ಮರಿ ತಂದು, 27 ಕಿಲೋ ಆದಾಗ ಕೊಡುತ್ತೇನೆ. ರಾತ್ರಿ ಮೇವು ಬಿಡಿಸಿ, ಬೆಳಿಗ್ಗೆ ನೀರು ಕುಡಿಸುವ ಮೊದಲು ತೂಗುತ್ತೇನೆ. ತಕ್ಕಡಿಗಿಂತ ನನ್ನ ಬೆರಳನ್ನು ಹೆಚ್ಚು ನಂಬುತ್ತೇನೆ: ಸೊಂಟದ ಮೇಲೆ ಒತ್ತಿದಾಗ ಬೆನ್ನುಮೂಳೆ ಸಿಗಬೇಕು, ಚುಚ್ಚಬಾರದು. ಈ ಹದ ತಪ್ಪಿದ್ದು ಕಳೆದ ವರ್ಷ ಎರಡೇ ಮರಿಗಳಲ್ಲಿ.

ನಡುವೆ ಐದು ಮರಿಗಳಿಗೆ ಬೀಜ ಒಡೆಸಿ (ಗಂಡುತನ ತೆಗೆಸಿ) ನೋಡಿದೆ. ಸಾಧುವಾದವು, ಆದರೆ 24 ಕಿಲೋಗೇ ಕೊಬ್ಬು ಕಟ್ಟತೊಡಗಿದವು. ಹಸಿ ಅಡಿಕೆ ಹಾಳೆ ಕತ್ತರಿಸಿ ಹಾಕಿದ್ದೆ, ಅರ್ಧ ಬಿಟ್ಟವು. ಹಲಸಿನ ಸೊಪ್ಪಿಗೆ ಮಾತ್ರ ಮುಗಿಬೀಳುತ್ತವೆ. ಕೊನೆಯ ಹದಿನೈದು ದಿನದ ಹಿಂಡಿಯ ಪ್ರಮಾಣವನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಈ ಸಲದ ಹದಿನೆಂಟು ಮರಿಗಳಲ್ಲಿ ಹನ್ನೊಂದು ಹೋಗಿವೆ. ಏಳು ಇನ್ನೂ 25ರ ಆಸುಪಾಸಿನಲ್ಲಿವೆ. ಅಂಗಡಿಯವರು ಅವಸರಿಸಿದರೂ ಮೂರು ವಾರ ತಡೆದೇ ಕೊಡುತ್ತೇನೆ.